ಅಲುಗಾಡುವ ಕನ್ನಡಿಯನ್ನು ಬಿಗಿ ಮಾಡುವ ಪಾಠ

ಬೈಕಿನ ಕನ್ನಡಿ ಸಡಿಲಾದರೆ ಬಹಳ ಜನ ಅದನ್ನು ಕೈಯಿಂದ ತಿರುವಿ ಮುಂದೆ ಹೋಗುತ್ತಾರೆ. ಕೆಲವರು ಕಿರಿಕಿರಿ ಬೇಡವೆಂದು ಬಿಚ್ಚಿ ಮನೆಯಲ್ಲೇ ಇಡುತ್ತಾರೆ. ಎರಡು ಪಾನಾ ಇದ್ದರೆ ಇದು ಮನೆಯಲ್ಲೇ ಮುಗಿಯುವ ಕೆಲಸ. ಅದನ್ನು ಮಾಡುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದು ಯಾಕೆ ಮುಖ್ಯ?

ನಮ್ಮ ಚಾಚಾ ಬಟ್ಟೆ ವ್ಯಾಪಾರಿ. ತಾವರಗೇರಾದಿಂದ ಸುತ್ತಲಿನ ಊರುಗಳ ಸಂತೆಗೆ ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಹೋಗುತ್ತಾರೆ. ಗಂಟು ಅವರ ಹೆಗಲಿಗಿಂತ ಎತ್ತರ ಇರುತ್ತದೆ. ಕತ್ತು ತಿರುಗಿಸಿದರೆ ಕಾಣುವುದು ಗಂಟೇ ಹೊರತು ರಸ್ತೆಯಲ್ಲ. ಹಾಲಿನ ಕ್ಯಾನ್, ತರಕಾರಿ ಬುಟ್ಟಿ, ಪ್ಲಾಸ್ಟಿಕ್ ಕೊಡ ಹೇರಿಕೊಂಡು ಹೋಗುವವರದೂ ಇದೇ ಕಥೆ. ಇವರಿಗೆಲ್ಲ ಹಿಂದಿನ ಕಣ್ಣು ಎಂದರೆ ಕನ್ನಡಿ ಮಾತ್ರ. ಕತ್ತಲಾದ ಮೇಲೆ ಹಿಂದಿನಿಂದ ಲಾರಿ ಬಂದಾಗ, ಅಲುಗಾಡುವ ಕನ್ನಡಿಯಲ್ಲಿ ಅದರ ಬೆಳಕು ಗೆರೆಯಂತೆ ಹರಡಿಕೊಳ್ಳುತ್ತದೆ. ಬರುತ್ತಿರುವುದು ಬೈಕೋ ಲಾರಿಯೋ, ದೂರ ಇದೆಯೋ ಹತ್ತಿರ ಬಂತೋ ಗೊತ್ತಾಗುವುದಿಲ್ಲ.

ಇದಕ್ಕೆ ಹಳೆಯ ಉದಾಹರಣೆಯೂ ಇದೆ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ಕಾರ್ ರೇಸ್ ನಡೆಯಿತು. ಬೇರೆಯವರು ಹಿಂದೆ ನೋಡಲು ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರು. ರೇ ಹ್ಯಾರೂನ್ ಮಾತ್ರ ಕಾರಿಗೆ ಕನ್ನಡಿ ಹಾಕಿ ಒಬ್ಬನೇ ಓಡಿಸಿ ಗೆದ್ದ. ಆದರೆ ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಎಷ್ಟು ನಡುಗಿತೆಂದರೆ ಅದರಲ್ಲಿ ಏನೂ ಕಾಣಲಿಲ್ಲವೆಂದು ಆಮೇಲೆ ಅವನೇ ಹೇಳಿದ. ನಡುಗುವ ಕನ್ನಡಿ ಇದ್ದೂ ಇಲ್ಲದಂತೆ.

ಯಾಕೆ ಸಡಿಲಾಗುತ್ತದೆ?

ಇಂಜಿನ್ ನಡುಕ ಮತ್ತು ರಸ್ತೆಯ ತಗ್ಗು ಒಂದು ಕಾರಣ. ಗಾಳಿ ಇನ್ನೊಂದು. ಕನ್ನಡಿಯ ಕಂಬಿಯ ತುದಿಯಲ್ಲಿ ಸುತ್ತುಸುತ್ತಾದ ಗೆರೆಗಳಿರುತ್ತವೆ. ಮೆಕ್ಯಾನಿಕ್‌ಗಳು ಇದನ್ನು ಚೂಡಿ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಚೂಡಿ ಎಂದರೆ ಬಳೆ. ಕಂಬಿಗೆ ಸಾಲಾಗಿ ಬಳೆ ತೊಡಿಸಿದಂತೆ ಕಾಣುವುದರಿಂದ ಹೆಸರು ಸರಿಯಾಗಿಯೇ ಇದೆ. ಸಾಮಾನ್ಯ ಚೂಡಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುವಿದರೆ ಬಿಗಿಯಾಗುತ್ತದೆ. ಮುಂದಿನಿಂದ ಬರುವ ಗಾಳಿ ಎರಡೂ ಕನ್ನಡಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಿನಿಂದ ನೋಡಿದರೆ ಬಲಗಡೆಯದು ಬಿಗಿಯಾಗುವ ದಿಕ್ಕಿಗೆ, ಎಡಗಡೆಯದು ಬಿಚ್ಚುವ ದಿಕ್ಕಿಗೆ ತಿರುಗಲು ನೋಡುತ್ತದೆ.

ಯಮಹಾದ ಅನೇಕ ಬೈಕುಗಳಲ್ಲಿ ಬಲಗಡೆಯ ಕನ್ನಡಿಗೆ ಉಲ್ಟಾ ಚೂಡಿ ಇರುತ್ತದೆ. ಮುಂದಿನಿಂದ ಏನಾದರೂ ಬಡಿದರೆ ಕಂಬಿ ಮುರಿಯದೆ ತಿರುಗಿಕೊಳ್ಳಲಿ ಎಂದು ಹೀಗೆ ಮಾಡಿರುತ್ತಾರೆ. ಇದು ಗೊತ್ತಿಲ್ಲದೆ ಬಲ ಹಾಕಿದರೆ ಚೂಡಿ ಕೆಡುತ್ತದೆ. ಹೊಸ ಕನ್ನಡಿ ಕೊಳ್ಳುವಾಗಲೂ ಗಾಡಿಯ ಹೆಸರು ಹೇಳಿಯೇ ಕೊಳ್ಳಬೇಕು.

ಎಲ್ಲಿ ಸಡಿಲಾಗಿದೆ?

ಕಂಬಿಯ ಬುಡ ಹಿಡಿದು ಅಲ್ಲಾಡಿಸಿ. ಕಂಬಿಯೇ ತಿರುಗಿದರೆ ತೊಂದರೆ ಕೆಳಗಿನ ನಟ್‌ನಲ್ಲಿದೆ. ಕಂಬಿ ಗಟ್ಟಿ ಇದ್ದು ಕನ್ನಡಿ ಮಾತ್ರ ಜೋತುಬಿದ್ದರೆ ತೊಂದರೆ ಕನ್ನಡಿಯ ಹಿಂದಿನ ಗುಂಡು ಕೀಲಿನಲ್ಲಿದೆ.

ಕೆಳಗಿನ ನಟ್ ಬಿಗಿ ಮಾಡುವ ಕ್ರಮ

1. ಬುಡದ ರಬ್ಬರ್ ಟೋಪಿಯನ್ನು ಮೇಲಕ್ಕೆ ಸರಿಸಿ. ಒಳಗೆ ಲಾಕ್ ನಟ್ ಕಾಣುತ್ತದೆ. ಬಹಳಷ್ಟು ಗಾಡಿಗಳಿಗೆ 14 ನಂಬರ್ ಪಾನಾ ಕೂಡುತ್ತದೆ. ಸಡಿಲ ಕೂಡುವ ಪಾನಾ ಹಾಕಬೇಡಿ, ನಟ್‌ನ ಮೂಲೆ ಸವೆಯುತ್ತದೆ.

2. ಲಾಕ್ ನಟ್ಟನ್ನು ಸಡಿಲಿಸಿ ಮೇಲಕ್ಕೆ ತನ್ನಿ. ಕಂಬಿಯನ್ನು ಪೂರ್ತಿ ಬಿಚ್ಚಿ ಚೂಡಿಯ ಧೂಳು, ತುಕ್ಕು ಒರೆಸಿ.

3. ಕಂಬಿಯನ್ನು ಕೈಯಿಂದಲೇ ಒಳಗೆ ತಿರುವಿ. ಐದಾರು ಸುತ್ತಾದರೂ ಒಳಗೆ ಹೋಗಿರಬೇಕು. ಕೊನೆ ಮುಟ್ಟಿದ ಮೇಲೆ ಕನ್ನಡಿ ನಿಮ್ಮ ಕಡೆ ನೋಡುವಷ್ಟು ಹಿಂದಕ್ಕೆ ತನ್ನಿ.

4. ಈಗ ಮುಖ್ಯ ಹಂತ. ಒಂದು ಕೈಯಲ್ಲಿ ಕಂಬಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಲಾಕ್ ನಟ್ಟನ್ನು ಕೆಳಗೆ ಒತ್ತಿ ಬಿಗಿ ಮಾಡಿ. ಕಂಬಿಯನ್ನು ಹಿಡಿದು ನಿಲ್ಲಿಸುವುದು ಈ ನಟ್‌ನ ಒತ್ತಡ. ಕಂಬಿಯಲ್ಲಿ ಎರಡನೇ ನಟ್ ಇದ್ದರೆ ಅದನ್ನು ಇನ್ನೊಂದು ಪಾನಾದಿಂದ ಹಿಡಿಯಿರಿ. ಕಂಬಿಯನ್ನೇ ಜೋರಾಗಿ ತಿರುವಿದರೆ ಹಿಡಿಕೆಯ ಅಲ್ಯೂಮಿನಿಯಂ ಚೂಡಿ ಹರಿದುಹೋಗುತ್ತದೆ.

5. ಪದೇ ಪದೇ ಸಡಿಲಾಗುತ್ತಿದ್ದರೆ ಸ್ಪ್ರಿಂಗ್ ವಾಷರ್ ಹಾಕಿ. ಅಥವಾ ಒರೆಸಿದ ಚೂಡಿಗೆ ನೀಲಿ ಬಣ್ಣದ ಥ್ರೆಡ್ ಲಾಕ್ ಒಂದು ಹನಿ ಬಿಡಿ. ಮತ್ತೆ ಬೇಕಾದಾಗ ಪಾನಾದಿಂದ ಬಿಚ್ಚಬಹುದು.

ಗುಂಡು ಕೀಲು ಸಡಿಲಿದ್ದರೆ ಅಲ್ಲಿ ಸ್ಕ್ರೂ ಇದೆಯೇ ನೋಡಿ. ಇದ್ದರೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಇಲ್ಲದಿದ್ದರೆ ಕನ್ನಡಿ ಬದಲಿಸುವುದೇ ಒಳ್ಳೆಯದು. ಹಿಡಿಕೆಯ ಚೂಡಿಯೇ ಹರಿದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಪ್ಲಾಸ್ಟಿಕ್ ಅಥವಾ ದಾರ ಸುತ್ತಿ ಕೂರಿಸಿದ್ದು ಹೆಚ್ಚು ದಿನ ನಿಲ್ಲುವುದಿಲ್ಲ.

ಹೊಂದಿಸುವುದು

ಗಾಡಿ ಓಡಿಸುವವರೇ ಮೇಲೆ ಕುಳಿತು ಹೊಂದಿಸಬೇಕು. ಹೊರೆ ಹೇರುವವರು ಹೊರೆ ಹೇರಿದ ಮೇಲೆಯೇ ನೋಡಬೇಕು, ಏಕೆಂದರೆ ಭಾರಕ್ಕೆ ಗಾಡಿಯ ಹಿಂಭಾಗ ಕುಸಿದು ಕನ್ನಡಿಯ ನೋಟ ನೆಲದ ಕಡೆಗೆ ಇಳಿಯುತ್ತದೆ. ಕನ್ನಡಿಯ ಒಳ ಅಂಚಿನಲ್ಲಿ ನಿಮ್ಮ ಹೆಗಲು ಸ್ವಲ್ಪ ಕಾಣಲಿ, ಉಳಿದದ್ದೆಲ್ಲ ರಸ್ತೆ ಕಾಣಲಿ. ಇಂಜಿನ್ ಚಾಲೂ ಮಾಡಿ ಹಿಂದೆ ನಿಂತ ಗಾಡಿಯನ್ನು ನೋಡಿ. ಅದು ನಡುಗದೆ ಸ್ಪಷ್ಟವಾಗಿ ಕಂಡರೆ ಕೆಲಸ ಮುಗಿಯಿತು. ಬೈಕಿನ ಕನ್ನಡಿ ಸಾಮಾನ್ಯವಾಗಿ ಉಬ್ಬಿದ್ದು ಇರುತ್ತದೆ. ಅದರಲ್ಲಿ ವಾಹನ ಚಿಕ್ಕದಾಗಿ, ದೂರವಾಗಿ ಕಾಣುತ್ತದೆ. ನಿಜದಲ್ಲಿ ಅದು ಇನ್ನೂ ಹತ್ತಿರ ಇರುತ್ತದೆ ಎಂಬುದನ್ನು ಮರೆಯಬಾರದು.

ಕೊನೆಗೆ ನಮ್ಮ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರ್ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಆದ್ದರಿಂದ ಪಿಯುಸಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಬೈಕ್ ಓಡಿಸುವಂತಿಲ್ಲ. ಆದರೆ ಪಾನಾ ಹಿಡಿಯಲು ಲೈಸೆನ್ಸ್ ಬೇಕಿಲ್ಲ. ನಾಳೆ ಸಂತೆಗೋ ಹೊಲಕ್ಕೋ ಹೊರಡುವವರ ಗಾಡಿಯ ಕನ್ನಡಿಯನ್ನು ಇಂದು ಸಂಜೆಯೇ ಒಮ್ಮೆ ಅಲ್ಲಾಡಿಸಿ ನೋಡಿ.