ಹಿಮದ ನಾಡಿನ ಚಿತ್ರಗಾರ ಎಡ್ವರ್ಡ್ ವಿಲ್ಸನ್

ಮಕ್ಕಳೇ, ಹಿಮದ ಬಣ್ಣ ಯಾವುದು ಎಂದು ಕೇಳಿದರೆ ನೀವೆಲ್ಲ ‘ಬಿಳಿ’ ಅಂತೀರಿ. ಆದರೆ ಎಳೆ ಬಿಸಿಲಿಗೆ ಅದು ಗುಲಾಬಿ, ನೆರಳಿನಲ್ಲಿ ನೀಲಿ. ಇದನ್ನು ಕಣ್ಣಾರೆ ಕಂಡು ಬರೆದಿಟ್ಟವರು ಎಡ್ವರ್ಡ್ ವಿಲ್ಸನ್. ಬಣ್ಣದ ಪೆಟ್ಟಿಗೆ ಇಲ್ಲವೆಂದು ಸುಮ್ಮನೆ ಕೂತವರಿಗಾಗಿ ಅವರ ವಿಷಯ ಬರೆಯುತ್ತಿದ್ದೇನೆ.

ವಿಲ್ಸನ್ 1872ರಲ್ಲಿ ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನಲ್ಲಿ ಹುಟ್ಟಿದರು. ಓದಿದ್ದು ಡಾಕ್ಟರಿಕೆ, ಚಿತ್ರ ಬರೆಯುವುದನ್ನು ತಾವಾಗಿಯೇ ಕಲಿತರು. 1901ರಲ್ಲಿ ಕ್ಯಾಪ್ಟನ್ ಸ್ಕಾಟ್ ಜೊತೆ ‘ಡಿಸ್ಕವರಿ’ ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟರು. ಆಗಿನ ಫೋಟೋಗಳು ಹೆಚ್ಚಾಗಿ ಕಪ್ಪು-ಬಿಳುಪು. ಆದ್ದರಿಂದ ಸಮುದ್ರ, ನೀರ್ಗಲ್ಲು, ಆಕಾಶ, ಪೆಂಗ್ವಿನ್‌ಗಳ ನಿಜವಾದ ಬಣ್ಣ ತಿಳಿಸಲು ಚಿತ್ರಗಾರನೇ ಬೇಕಿತ್ತು.

ಆದರೆ ಅಲ್ಲಿ ಬಯಲಿನಲ್ಲಿ ಬ್ರಷ್ ಅದ್ದಿದರೆ ನೀರೇ ಹೆಪ್ಪುಗಟ್ಟುತ್ತದೆ! ಅದಕ್ಕೆ ವಿಲ್ಸನ್ ಒಂದು ಉಪಾಯ ಮಾಡಿದರು. ಹೊರಗೆ ಪೆನ್ಸಿಲಿನಲ್ಲಿ ಗೆರೆ ಮಾತ್ರ ಎಳೆದು, ಎಲ್ಲಿ ಯಾವ ಬಣ್ಣ ಎಂದು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಕೈಗವಸು ತೆಗೆದರೆ ಸ್ವಲ್ಪ ಹೊತ್ತಿಗೇ ಬೆರಳು ಮರಗಟ್ಟುತ್ತಿತ್ತು. ಮತ್ತೆ ಬೆಚ್ಚಗೆ ಮಾಡಿಕೊಂಡು ಬರೆಯಬೇಕು. ಚಳಿಗಾಲದಲ್ಲಿ ಅಲ್ಲಿ ಸುಮಾರು 4 ತಿಂಗಳು ಸೂರ್ಯ ಹುಟ್ಟುವುದಿಲ್ಲ. ಆಗ ಗುಡಿಸಲಿನೊಳಗೆ ದೀಪದ ಬೆಳಕಲ್ಲಿ ಕೂತು, ಬರೆದುಕೊಂಡಿದ್ದನ್ನು ಓದಿ ಜಲವರ್ಣ ತುಂಬುತ್ತಿದ್ದರು. ಹಿಮದ ಮೇಲಿನ ಬಿಸಿಲಿನ ಝಳಕ್ಕೆ ಒಮ್ಮೆ ಕಣ್ಣು ಕಾಣದಂತಾಗಿ, ಬಟ್ಟೆ ಕಟ್ಟಿಕೊಂಡೇ ಜಾರುಬಂಡಿ ಎಳೆದರು.

1910ರಲ್ಲಿ ಎರಡನೇ ಸಲ ಹೋದರು. 1912ರ ಜನವರಿಯಲ್ಲಿ ಐದು ಜನ ದಕ್ಷಿಣ ಧ್ರುವ ಮುಟ್ಟಿದರು. ಆದರೆ ನಾರ್ವೆಯ ಅಮುಂಡ್ಸೆನ್ ತಂಡ 1911ರ ಡಿಸೆಂಬರ್ 14ರಂದೇ ಅಲ್ಲಿಗೆ ಬಂದು ಹೋಗಿತ್ತು. ಅಮುಂಡ್ಸೆನ್ ಬಿಟ್ಟುಹೋಗಿದ್ದ ಡೇರೆಯನ್ನೂ ವಿಲ್ಸನ್ ಬರೆದುಕೊಂಡರು. ವಾಪಸು ಬರುವ ದಾರಿಯಲ್ಲಿ ಚಳಿ, ಹಸಿವು ತಾಳದೆ ಐವರೂ ತೀರಿಕೊಂಡರು. ವಿಲ್ಸನ್‌ಗೆ ಆಗ 39 ವರ್ಷ. ನವೆಂಬರಿನಲ್ಲಿ ಹುಡುಕಿ ಹೋದವರಿಗೆ ಅವರ ಚಿತ್ರದ ಪುಸ್ತಕ ಸಿಕ್ಕಿತು. ಅದರಲ್ಲಿದ್ದ ಧ್ರುವದ ಚಿತ್ರಗಳು ಪೆನ್ಸಿಲಿನವು. ಬಣ್ಣ ತುಂಬಲು ಅವರೇ ಉಳಿದಿರಲಿಲ್ಲ. ಆದರೂ ಅವರು ಏನು ಕಂಡರು ಎಂಬುದು ಆ ಗೆರೆಗಳಿಂದಲೇ ನಮಗೆ ತಿಳಿಯಿತು. ಅವರ ಎಷ್ಟೋ ಚಿತ್ರಗಳು ಕೇಂಬ್ರಿಡ್ಜ್‌ನ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆಯಲ್ಲಿವೆ.

ನಮ್ಮ ಕೊರಟಗೆರೆ ಸೀಮೆಯಲ್ಲಿ ಹಿಮವಿಲ್ಲ, ಸಮುದ್ರವಿಲ್ಲ. ಸಿದ್ಧರಬೆಟ್ಟ ಇದೆಯಲ್ಲ! ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಬಂಡೆಯ ಮೇಲೆ ಬರೀ ‘ಕಪ್ಪು’ ಅಂತ ಬರೆಯಬೇಡಿ. ರಾಗಿ ಹಿಟ್ಟಿನ ಬಣ್ಣವೋ, ಒಲೆ ಬೂದಿಯ ಬಣ್ಣವೋ, ಸರಿಯಾಗಿ ನೋಡಿ ಬರೆಯಿರಿ. ಎರಡು ಚಿತ್ರಗಳನ್ನೂ ತಂದುಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.