ನಾಬೋತನ ತೋಟ, ಬೈರಮಂಗಲದ ನೀರು

ಅರಮನೆಯ ಪಕ್ಕದಲ್ಲೇ ದ್ರಾಕ್ಷಿತೋಟವಿದ್ದ ನಾಬೋತನ ಕಥೆ ನಿಮಗೆ ಗೊತ್ತು. ಕಾಯಿಪಲ್ಯ ಬೆಳೆಯಲು ಅದು ಬೇಕೆಂದ ಅರಸ ಅಹಾಬ. ಪಿತ್ರಾರ್ಜಿತವನ್ನು ಕೊಡೆನೆಂದ ನಾಬೋತ ಪ್ರಾಣವನ್ನೇ ತೆರಬೇಕಾಯಿತು.

ಬಿಡದಿ ಸಮೀಪದ ಬೈರಮಂಗಲಕ್ಕೂ ಅಂಥದೊಂದು ನೆರೆಯಿದೆ, ನಮ್ಮ ಬೆಂಗಳೂರು. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಇಲ್ಲಿ ಜಲಾಶಯ ಕಟ್ಟಿದ್ದು ಹೊಲಗದ್ದೆಗಳಿಗಾಗಿ. ಇಂದು ಅದಕ್ಕೆ ಹರಿದು ಬರುವುದು ನಗರದ ಕೊಳಚೆ, ಕಾರ್ಖಾನೆಗಳ ಹೊಲಸು. ನೊರೆಯುಕ್ಕುವ ಆ ನೀರಿನಲ್ಲೇ ಮೇವು, ಬೇಬಿಕಾರ್ನ್ ಬೆಳೆಯುತ್ತಾರೆ, ಬೇರೆ ನೀರೆಲ್ಲಿದೆ? ನಾಬೋತನನ್ನಾದರೂ ಅರಸ ಒಂದು ಮಾತು ಕೇಳಿದ್ದ. ಈ ರೈತರನ್ನು ಯಾರು ಕೇಳಿದರು?

ಈ ಭಾನುವಾರ ಮನೆಮಂದಿಯೆಲ್ಲ ಕುಳಿತು ಅರಸುಗಳು ಮೊದಲನೆಯ ಗ್ರಂಥದ 21ನೇ ಅಧ್ಯಾಯ ಓದಿರಿ. ನಮ್ಮ ಬಚ್ಚಲ ನೀರು ಯಾವ ಊರಿಗೆ ಹೋಗುತ್ತದೆಂದು ಮಕ್ಕಳಿಗೂ ತಿಳಿಸಿರಿ.