ಕುರ್ಚಿಯ ಮೇಲಿನ ವಿಮಾನಯಾನ

ಗಣಕಯಂತ್ರದ ಮುಂದೆ ಕುಳಿತು ವಿಮಾನ ನಡೆಸುವ ಆಟ ಇಂದು ಅನೇಕ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದು. ಮೈಕ್ರೋಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ 1982ರಲ್ಲಿಯೇ ಹೊರಬಂದಿತು. ಅದರಲ್ಲಿ ನೂರು ಗಂಟೆ ಹಾರಿದವನು ನಿಜವಾದ ವಿಮಾನವನ್ನು ಹಾರಿಸಬಲ್ಲನೆ?

ಅದನ್ನು ಬರಿಯ ಆಟಿಕೆಯೆಂದು ನಾವು ತಳ್ಳಿಹಾಕುವಂತಿಲ್ಲ. ಎತ್ತರಮಾಪಕ, ವೇಗಮಾಪಕ, ದಿಕ್ಸೂಚಿಗಳನ್ನು ಓದುವ ಕ್ರಮವನ್ನು ಅದು ಚೆನ್ನಾಗಿಯೇ ಕಲಿಸುತ್ತದೆ. ಕೈಗೆ ದೊರೆಯುವ ಅನುಭವ ಮಾತ್ರ ಬೇರೆ. ಸೆಸ್ನಾ 172ರಂತಹ ಸಣ್ಣ ವಿಮಾನದಲ್ಲಿ ಚಾಲಕನ ಹಿಡಿಯು ಉಕ್ಕಿನ ತಂತಿಗಳ ಮೂಲಕ ರೆಕ್ಕೆ ಬಾಲಗಳ ಚಲಿಸುವ ಭಾಗಗಳಿಗೆ ಸೇರಿರುತ್ತದೆ. ವೇಗ ಹೆಚ್ಚಿದಂತೆ ಅದು ಬಿಗಿಯಾಗುತ್ತದೆ, ವೇಗ ತೀರ ಕುಗ್ಗಿದಾಗ ಸಡಿಲವಾಗುತ್ತದೆ. ಮೇಜಿನ ಮೇಲಿನ ಸಾಮಾನ್ಯ ಹಿಡಿಯಲ್ಲಿರುವುದು ಒಂದು ಸ್ಪ್ರಿಂಗು. ಅದಕ್ಕೆ ವೇಗದ ಅರಿವಿಲ್ಲ.

ಇದಕ್ಕಿಂತ ಮುಖ್ಯವಾದ ಭೇದವು ಶರೀರಕ್ಕೆ ಸಂಬಂಧಿಸಿದುದು. ವಿಮಾನವು ಎತ್ತರ ಬದಲಿಸದೆ, 60 ಡಿಗ್ರಿ ಓರೆಯಾಗಿ ತಿರುಗುತ್ತಿದೆಯೆಂದು ಭಾವಿಸೋಣ. ರೆಕ್ಕೆಯ ಎತ್ತುಬಲದ ಲಂಬಾಂಶವೇ ವಿಮಾನದ ಭಾರವನ್ನು ಹೊರಬೇಕು. 60 ಡಿಗ್ರಿಯ ಕೊಸೈನ್ ಅರ್ಧವಾದುದರಿಂದ ಎತ್ತುಬಲವು ಭಾರದ ಎರಡರಷ್ಟಾಗಬೇಕು. ಒಳಗಿರುವ 60 ಕಿಲೋಗ್ರಾಂ ತೂಕದ ವ್ಯಕ್ತಿಯು 120 ಕಿಲೋಗ್ರಾಂ ತೂಕದವನಂತೆ ಪೀಠವನ್ನು ಒತ್ತುತ್ತಾನೆ. ಓರೆಯು 15 ಡಿಗ್ರಿಯಷ್ಟೇ ಇದ್ದರೆ ಈ ಹೆಚ್ಚಳ ನೂರಕ್ಕೆ ಸುಮಾರು ಮೂರೂವರೆ ಮಾತ್ರ. ಅದು ಗಮನಕ್ಕೇ ಬಾರದು. ಎರಡೂ ಸಂದರ್ಭಗಳಲ್ಲಿ ಚಾವಣಿಯಿಂದ ದಾರದಲ್ಲಿ ಗುಂಡೊಂದನ್ನು ಇಳಿಬಿಟ್ಟರೆ ಅದು ಭೂಮಿಯ ಕಡೆಗಲ್ಲ, ವಿಮಾನದ ನೆಲದ ಕಡೆಗೇ ನೇರವಾಗಿ ನಿಲ್ಲುತ್ತದೆ. ನಮ್ಮ ಒಳಕಿವಿಯಲ್ಲಿ 'ಕೆಳಗೆ' ಯಾವುದೆಂದು ತಿಳಿಸುವ ಅಂಗದ ಗತಿಯೂ ಹೀಗೆಯೇ. ಮೋಡದಲ್ಲಿ ದಿಗಂತ ಮರೆಯಾದಾಗ, ಓರೆಯಾಗಿರುವ ವೈಮಾನಿಕನು ತಾನು ಸಮತಲದಲ್ಲಿರುವೆನೆಂದೇ ನಂಬುತ್ತಾನೆ.

ಇನ್ನು ತಿರುಗುವಿಕೆಯನ್ನು ಗುರುತಿಸುವುದು ಒಳಕಿವಿಯ ಅರ್ಧವರ್ತುಲ ನಾಳಗಳು. ಅವುಗಳೊಳಗಿನ ದ್ರವವು ಜಡತ್ವದಿಂದ ಹಿಂದುಳಿದಾಗ ನಮಗೆ ತಿರುಗಿದ ಅನುಭವವಾಗುತ್ತದೆ. ತಿರುವು ಒಂದೇ ಸಮನೆ ಅರ್ಧ ನಿಮಿಷ ಮುಂದುವರಿದರೆ ದ್ರವವೂ ನಾಳದೊಡನೆ ತಿರುಗತೊಡಗಿ ಆ ಅನುಭವ ಅಳಿಯುತ್ತದೆ. ಆಗ ವಿಮಾನವನ್ನು ನೇರಗೊಳಿಸಿದರೆ ವಿರುದ್ಧ ದಿಕ್ಕಿಗೆ ತಿರುಗಿದಂತೆ ಭಾಸವಾಗುವುದು! ಅದನ್ನು ಸರಿಪಡಿಸಹೊರಟವನು ಮೊದಲಿನ ಸುರುಳಿಗೇ ಮರಳುತ್ತಾನೆ. 1999ರ ಜುಲೈ 16ರ ರಾತ್ರಿ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ ಜಾನ್ ಎಫ್. ಕೆನಡಿ ಜೂನಿಯರ್ ನಡೆಸುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಮೂವರು ಮಡಿದರು. ದಿಗ್ಭ್ರಮೆಯಿಂದ ಚಾಲಕನು ಹತೋಟಿ ತಪ್ಪಿದುದೇ ಕಾರಣವೆಂದು ತನಿಖೆ ತೀರ್ಮಾನಿಸಿತು.

ವಿಮಾನ ಸಂಸ್ಥೆಗಳ ದೊಡ್ಡ ಸಿಮ್ಯುಲೇಟರುಗಳು ಉದ್ದ ಗಿಡ್ಡವಾಗಬಲ್ಲ ಆರು ಕಾಲುಗಳ ಮೇಲೆ ನಿಂತಿರುತ್ತವೆ. ಇಡೀ ಕೋಣೆಯನ್ನು 10 ಡಿಗ್ರಿ ಹಿಂದಕ್ಕೆ ಬಾಗಿಸಿದರೆ ಗುರುತ್ವದ ನೂರಕ್ಕೆ 17ರಷ್ಟು ಭಾಗ ಬೆನ್ನನ್ನು ಒತ್ತಿ, ಮುಂದಕ್ಕೆ ವೇಗೋತ್ಕರ್ಷ ಹೊಂದಿದ ಭ್ರಾಂತಿ ಉಂಟಾಗುತ್ತದೆ. ಜಾಣ ಉಪಾಯವೇ ಸರಿ. ಆದರೆ ಇಮ್ಮಡಿ ತೂಕವನ್ನು ನಿಮಿಷಗಟ್ಟಲೆ ಉಂಟುಮಾಡಲು ಅವುಗಳಿಗೂ ಸಾಧ್ಯವಿಲ್ಲ.

ಮನೆಯ ಕುರ್ಚಿಯಲ್ಲಾದರೋ ಕಿವಿಯು ಮಾಪಕಗಳಿಗೆ ವಿರುದ್ಧವಾಗಿ ಸಾಕ್ಷಿ ಹೇಳುವುದೇ ಇಲ್ಲ. ಆದುದರಿಂದ ಅಲ್ಲಿ ಮೋಡದೊಳಗೆ ಹಾರುವುದು ಸುಲಭ. ನಿಜವಾದ ವಿಮಾನದಲ್ಲಿ ಶಿಕ್ಷಕರು ವಿದ್ಯಾರ್ಥಿಯ ಕಣ್ಣಿಗೆ ಹೊರನೋಟ ಕಾಣದಂತೆ ಮರೆ ಕಟ್ಟಿ, ದೇಹ ಏನೇ ಹೇಳಿದರೂ ಮಾಪಕಗಳನ್ನೇ ನಂಬಿ ಹಾರುವುದನ್ನು ಅಭ್ಯಾಸ ಮಾಡಿಸುತ್ತಾರೆ.